ಯಾರದೋ ಮುಖ

ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿ ಕ್ರೈಸ್ತ ಸನ್ಯಾಸಿನಿಯೊಬ್ಬಳ ತೈಲಚಿತ್ರ ಉಂಟು. ಗೆಲಿಲಿಯೋವಿನ ಮಗಳು ಮರಿಯಾ ಚೆಲೆಸ್ತೆ ಈಕೆಯೇ ಎಂಬುದು ವಾಡಿಕೆಯ ಮಾತು, ಖಚಿತವಲ್ಲ. ಚಿತ್ರದ ಪ್ರತಿಯನ್ನು ಕಂಡಾಗ ತಂದೆಯ ಹೋಲಿಕೆಯನ್ನು ಅರಸುವ ಚಪಲ ನನ್ನನ್ನೂ ಬಿಡಲಿಲ್ಲ. ಅರಸಿದರೆ ಯಾವ ಮುಖದಲ್ಲಿ ತಾನೆ ಸಿಗದು?

ಆಕೆಯನ್ನು ನಿಜವಾಗಿ ಕಾಣಬೇಕಾದರೆ ತಂದೆಗೆ ಬರೆದ ಕಾಗದಗಳನ್ನು ಓದಬೇಕು. 124 ಉಳಿದಿವೆ. ಫ್ಲಾರೆನ್ಸಿನ ಬಳಿಯ ಬಡಮಠದಲ್ಲಿದ್ದುಕೊಂಡೇ ಅವನ ಕೊರಳಪಟ್ಟಿಗಳನ್ನು ಒಪ್ಪಮಾಡಿ ಕಳುಹಿಸುತ್ತಿದ್ದಳು. 1633ರಲ್ಲಿ ಧರ್ಮವಿಚಾರಣೆಯವರು, ವಾರಕ್ಕೊಮ್ಮೆ ಪಶ್ಚಾತ್ತಾಪದ ಏಳು ಕೀರ್ತನೆಗಳನ್ನು ಪಠಿಸುವುದನ್ನೂ ಅವನ ಶಿಕ್ಷೆಗೆ ಸೇರಿಸಿದರು. ಆ ಪಾಲನ್ನು ತಾನೇ ಹೊತ್ತಳು. ಮರುವರ್ಷ, 33ರ ಹರೆಯದಲ್ಲಿ, ತೀರಿಕೊಂಡಳು. ತಂದೆ ಬರೆದ ಉತ್ತರಗಳು ಉಳಿಯಲಿಲ್ಲ.

ಚಿತ್ರದ ಮುಖ ಯಾರದಾದರೂ ಆಗಿರಲಿ. ಮುದುಕನಾದ ತಂದೆಯ ಕೊರಳಪಟ್ಟಿಯ ಚಿಂತೆ ಹೊತ್ತ ಆ ಕೈಬರಹ ಮಾತ್ರ ಅವಳದೇ. ನನಗೆ ಅಷ್ಟು ಗುರುತು ಸಾಕು.