ವಿಷ ಹೀರದ ರಾಣಿ

ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ ಮಕ್ಕಳಿಗೆ ಒಂದು ಕಥೆ ಹೇಳುವ ರೂಢಿಯನ್ನು ನಾವು ಉಪಾಧ್ಯಾಯ ವೃತ್ತಿಗೆ ಸೇರಿದಂದಿನಿಂದಲೂ ಇಟ್ಟುಕೊಂಡು ಬಂದಿದ್ದೇವೆ. ಕಥೆಯಿಲ್ಲದ ಚರಿತ್ರೆ ಉಪ್ಪಿಲ್ಲದ ಗಂಜಿಯಂತೆ ಎಂದು ತರಬೇತಿ ಶಾಲೆಯಲ್ಲಿ ನಮ್ಮ ಗುರುಗಳು ಹೇಳುತ್ತಿದ್ದರು. ಆ ಮಾತನ್ನು ನಾವು ಶಿರಸಾವಹಿಸಿದ್ದೆವು. ಉಪ್ಪು ಎಲ್ಲಿಂದ ಬಂತೆಂದು ಮಾತ್ರ ವಿಚಾರಿಸಿರಲಿಲ್ಲ.

ನಮ್ಮ ಕಥೆಗಳ ಗಂಟಿನಲ್ಲಿ ಇಂಗ್ಲೆಂಡಿನ ರಾಣಿ ಎಲಿನರಳದೂ ಒಂದಿತ್ತು. ಶಾಲೆಯ ಕಪಾಟಿನಲ್ಲಿದ್ದ, ರಟ್ಟು ಕಿತ್ತುಹೋದ ಒಂದು ಕಥಾಸಂಗ್ರಹದಿಂದ ಅದನ್ನು ಎತ್ತಿಕೊಂಡಿದ್ದೆವು. ರಾಜಕುಮಾರ ಎಡ್ವರ್ಡನು ಕ್ರೈಸ್ತರ ಧರ್ಮಯುದ್ಧಕ್ಕೆಂದು ಪ್ಯಾಲೆಸ್ಟೈನಿನ ಏಕರ್ ಎಂಬ ಕಡಲ ಕೋಟೆಗೆ ಹೋಗಿರುತ್ತಾನೆ. (ನೆಲ ಅಳೆಯುವ ಎಕರೆಗೂ ಈ ಊರಿಗೂ ಸಂಬಂಧವಿಲ್ಲವೆಂದು ಪ್ರತಿವರ್ಷವೂ ಹೇಳಬೇಕಾಗುತ್ತಿತ್ತು.) ಹಂತಕನೊಬ್ಬ ವಿಷ ಸವರಿದ ಕಠಾರಿಯಿಂದ ಅವನನ್ನು ತಿವಿಯುತ್ತಾನೆ. ವೈದ್ಯರು ಕೈಚೆಲ್ಲುತ್ತಾರೆ. ಆಗ ಜೊತೆಯಲ್ಲಿದ್ದ ಮಡದಿ ಎಲಿನರ್ ಗಾಯಕ್ಕೆ ಬಾಯಿಟ್ಟು, ವಿಷವನ್ನು ಹೀರಿ ಉಗುಳಿ, ಪತಿಯ ಪ್ರಾಣವನ್ನು ಉಳಿಸುತ್ತಾಳೆ. ಇದನ್ನು ನಾವು ಸಾವಿತ್ರಿಯ ಕಥೆಯ ಮಗ್ಗುಲಲ್ಲಿಟ್ಟು ಏಳು ವರ್ಷ ಹೇಳಿದೆವು. ಸುಮ್ಮನೆ ಹೇಳಿದೆವೆಂದರೆ ಸುಳ್ಳಾದೀತು; ಡಸ್ಟರನ್ನು ಕಠಾರಿಯಾಗಿಸಿಕೊಂಡು, ನಮ್ಮ ತೋಳಿಗೆ ನಾವೇ ಬಾಯಿಟ್ಟು, ಕಿಟಕಿಯಾಚೆ ಉಗುಳಿ ತೋರಿಸುತ್ತಿದ್ದೆವು.

ಕಳೆದ ಸಲ ಐದನೆಯ ತರಗತಿಯಲ್ಲಿ ಈ ಅಭಿನಯವೆಲ್ಲ ಮುಗಿದ ಮೇಲೆ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಾಷ್ಟ್ರೇ, ವಿಷ ಬಾಯಿಗೆ ಹೋದ್ರೆ ರಾಣಿಗೆ ಎಂತದ್ದೂ ಆಗ್ಲಿಲ್ವಾ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಮೇಷ್ಟ್ರುಗಳು ಏನು ಮಾಡುತ್ತಾರೆಂಬುದು ಈ ಪತ್ರಿಕೆಯ ವಾಚಕರಿಗೆ ತಿಳಿಯದ್ದೇನಲ್ಲ. "ಅಧಿಕಪ್ರಸಂಗ ಸಾಕು, ಕೂತುಕೋ" ಎಂದೆವು. ಅವಳು ಕುಳಿತಳು.

ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಸಾಯಂಕಾಲ ಪೇಟೆಯ ಚಹದಂಗಡಿಯಲ್ಲಿ ಆ ಹುಡುಗಿಯ ತಂದೆ ಎದುರಾದರು. ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕಲು ಹೋದ ಮಕ್ಕಳಿಬ್ಬರಲ್ಲಿ ಚಿಕ್ಕವನ ಹಿಮ್ಮಡಿಗೆ ಹಾವು ಕಚ್ಚಿತಂತೆ. ಅಕ್ಕನಾದವಳು ಕೂಗಿ ಯಾರನ್ನೂ ಕರೆಯದೆ, ತಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಂದ ಹೀರುತ್ತ ಕುಳಿತಿದ್ದಳಂತೆ. ಹುಡುಗನ ಅಳು ಕೇಳಿ ಹಿರಿಯರು ಓಡಿಬಂದು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ದೇವರ ದಯೆ, ಕಚ್ಚಿದ್ದು ವಿಷದ ಹಾವಾಗಿರಲಿಲ್ಲ. "ಬಾಯಿಟ್ಟು ಹೀರಿದ್ರೆ ವಿಷ ಹೋಗುದಿಲ್ಲ, ಹೊತ್ತು ಮಾತ್ರ ಹೋಗ್ತದೆ, ಕಾಲು ಅಲುಗಿಸದೆ ಕೂಡ್ಲೆ ಇಲ್ಲಿಗೆ ತರ್ಬೇಕು ಅಂತ ಡಾಕ್ಟ್ರು ಹೇಳಿದ್ರು ಮಾಷ್ಟ್ರೇ. ಇವಳು ಅವರ ಹತ್ರವೇ ವಾದ ಮಾಡ್ತಾಳೆ, ರಾಣಿ ಹಾಗೇ ಮಾಡಿದ್ದು, ನಮ್ಮ ಮಾಷ್ಟ್ರು ಹೇಳಿದ್ದಾರೆ ಅಂತ!" ಎಂದು ಅವರು ನಕ್ಕರು. ನಮ್ಮ ಮೇಲೆ ಅವರಿಗೆ ಸಿಟ್ಟಿರಲಿಲ್ಲ; ಇದ್ದಿದ್ದರೆ ಒಳ್ಳೆಯದಿತ್ತು. ನಮಗೆ ಚಹ ಗಂಟಲಲ್ಲಿ ಇಳಿಯಲಿಲ್ಲ.

ಮುಂದಿನ ಎರಡು ಮೂರು ಶನಿವಾರಗಳನ್ನು ನಾವು ಪಟ್ಟಣದ ಗ್ರಂಥಾಲಯದಲ್ಲಿ ಕಳೆದೆವು. ನಮ್ಮ ಇಂಗ್ಲಿಷು ಅಷ್ಟಕ್ಕಷ್ಟೆ; ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆವು. ಏಕರಿನಲ್ಲಿ ಎಡ್ವರ್ಡನಿಗೆ ಕಠಾರಿಯ ಪೆಟ್ಟು ಬಿದ್ದದ್ದು ನಿಜ; ಅದು 1272ರ ಜೂನ್ ತಿಂಗಳು. ಮಡದಿ ಜೊತೆಯಲ್ಲಿದ್ದದ್ದೂ ನಿಜ. ಅದೇ ವರ್ಷ ಆ ಊರಿನಲ್ಲಿಯೇ ಆಕೆ ಜೋನ್ ಎಂಬ ಹೆಣ್ಣುಮಗುವನ್ನು ಹಡೆದಿದ್ದಳು. ಆದರೆ ಗಾಯ ಕಪ್ಪಿಟ್ಟಾಗ ಕೊಳೆತ ಮಾಂಸವನ್ನು ಕೊಯ್ದು ತೆಗೆದು ಬದುಕಿಸಿದವನು ಒಬ್ಬ ಶಸ್ತ್ರವೈದ್ಯ. ಅಳುತ್ತಿದ್ದ ಎಲಿನರಳನ್ನು ಅದಕ್ಕೆ ಮೊದಲೇ ಕೋಣೆಯಿಂದ ಹೊರಗೆ ಕರೆದುಕೊಂಡು ಹೋದರೆಂದು ಇಂಗ್ಲೆಂಡಿನ ಹಳೆಯ ವೃತ್ತಾಂತವೊಂದು ಹೇಳುತ್ತದೆ. ಹೀರಿದ ಕಥೆಯನ್ನು ಬರೆದಿಟ್ಟವನು ಇಟಲಿಯ ಲುಕ್ಕಾ ಊರಿನ ಟೊಲೊಮಿಯೊ ಎಂಬ ಸಂನ್ಯಾಸಿ. ಅದೂ ದಶಕಗಳ ತರುವಾಯ, ಜನ ಹೀಗೆ ಹೇಳುತ್ತಾರೆ ಎಂಬುದಾಗಿ. ಮುಂದೆ 16ನೆಯ ಶತಮಾನದ ಕೊನೆಯ ಹೊತ್ತಿಗೆ ಕ್ಯಾಮ್ಡನ್ ಎಂಬ ಪಂಡಿತ ಅದನ್ನೇ ಮೆಚ್ಚಿ ಬರೆದ. ಅಲ್ಲಿಂದ ಅದು ಪಾಠಪುಸ್ತಕಗಳಿಗೆ ಇಳಿದು, ಕಡಲು ದಾಟಿ, ನಮ್ಮ ಕಪಾಟಿಗೂ ಬಂತು. ಕಪಾಟಿನಿಂದ ಅಡಿಕೆ ತೋಟಕ್ಕೆ ಒಯ್ದವರು ನಾವು.

ಕಥೆ ಸುಳ್ಳೆಂದು ತಿಳಿದ ಮೇಲೆ ಪುಸ್ತಕವನ್ನು ಮುಚ್ಚಿ ಬರಬಹುದಿತ್ತು. ಆದರೆ ಕಥೆ ಹೋದರೂ ಹೆಂಗಸು ಉಳಿದಳಲ್ಲ. ಅವಳು ಯಾರು ಎಂಬ ಕುತೂಹಲ ನಮ್ಮನ್ನು ಬಿಡಲಿಲ್ಲ.

ಎಲಿನರ್ ಹುಟ್ಟಿದ್ದು 1241ರ ಸುಮಾರಿಗೆ, ಈಗಿನ ಸ್ಪೇನಿನ ಭಾಗವಾದ ಕ್ಯಾಸ್ಟೀಲ್ ರಾಜ್ಯದಲ್ಲಿ, ಮೂರನೆಯ ಫರ್ಡಿನಂಡ್ ದೊರೆಯ ಮಗಳಾಗಿ. ಮದುವೆ 1254ರ ನವೆಂಬರಿನಲ್ಲಿ, ಬರ್ಗೋಸ್ ನಗರದ ಮಠದಲ್ಲಿ. ವರನಿಗೆ 15 ವರ್ಷ, ವಧುವಿಗೆ 13. ಎಂದರೆ ನಮ್ಮ ಏಳೆಂಟನೆಯ ತರಗತಿಯ ಬೆಂಚಿನಿಂದ ಎಬ್ಬಿಸಿ ಹಸೆಮಣೆಗೆ ಕೂರಿಸಿದ ಹಾಗೆ. ಒಲುಮೆಯ ಮಾತು ಅಲ್ಲಿ ಯಾರ ಬಾಯಲ್ಲಿಯೂ ಇರಲಿಲ್ಲ. ಫ್ರಾನ್ಸಿನ ನೈಋತ್ಯದಲ್ಲಿ ಗ್ಯಾಸ್ಕನಿ ಎಂಬ ಸೀಮೆಯಿತ್ತು; ಅದು ಇಂಗ್ಲೆಂಡಿನ ದೊರೆಯ ಕೈಯಲ್ಲಿತ್ತು; ಅದು ತನ್ನದೆಂದು ಎಲಿನರಳ ಅಣ್ಣ, ಹತ್ತನೆಯ ಅಲ್ಫಾನ್ಸೊ, ಹಕ್ಕು ಸಾಧಿಸುತ್ತಿದ್ದ. ತಂಗಿಯನ್ನು ಕೊಟ್ಟು ಹಕ್ಕನ್ನು ಬಿಟ್ಟ. ಎರಡು ರಾಜ್ಯಗಳ ಗಡಿಯ ತಕರಾರಿಗೆ ಒಂದು ಹೆಣ್ಣುಮಗುವಿನ ಮದುವೆಯಿಂದ ಮುದ್ರೆ ಬಿತ್ತು. ಗಡಿಯಲ್ಲಿ ಬಾಳುವ ನಮಗೆ ಈ ಸಾಲನ್ನು ಎರಡು ಸಲ ಓದಬೇಕೆನಿಸಿತು.

ಮರುವರ್ಷ ಆಕೆ ಲಂಡನ್ನಿಗೆ ಬಂದಾಗ ಅವಳ ಬಿಡಾರವನ್ನು ಸ್ಪೇನಿನ ರೀತಿಯಲ್ಲಿ ರತ್ನಗಂಬಳಿ ಹಾಸಿ ಸಿಂಗರಿಸಿದ್ದರಂತೆ. ಅದನ್ನು ಕಂಡು ಊರವರು ಗೊಣಗಿದರಂತೆ. ಪರದೇಶದಿಂದ ಬಂದ ಸೊಸೆಯ ಪಾಡು ಎಲ್ಲ ಕಡೆಯೂ ಒಂದೇ.

ಹೀಗೆ ಲೆಕ್ಕಾಚಾರದಲ್ಲಿ ಹುಟ್ಟಿದ ದಾಂಪತ್ಯ 36 ವರ್ಷ ಬಾಳಿತು. ಆ ಕಾಲದ ಅರಸರಲ್ಲಿ ಅಪರೂಪವಾದ ಸಂಗತಿಯೆಂದರೆ, ಈ ಗಂಡಹೆಂಡಿರು ಅಗಲಿ ಇದ್ದದ್ದೇ ಕಡಿಮೆ. ಧರ್ಮಯುದ್ಧಕ್ಕೂ ಆಕೆ ಹೋದಳು. ಏಕರಿನಲ್ಲಿದ್ದಾಗ ಆಕೆ ಗಂಡನಿಗಾಗಿ ಮಾಡಿಸಿಕೊಟ್ಟದ್ದು ಏನೆಂದು ಓದಿ ನಮಗೆ ನಗು ಬಂತು: ವೆಜೀಷಿಯಸ್ ಎಂಬ ರೋಮನ್ ಗ್ರಂಥಕಾರನ ಯುದ್ಧಶಾಸ್ತ್ರದ ಫ್ರೆಂಚ್ ಅನುವಾದ. ವಿಷ ಹೀರಲಿಲ್ಲ, ಪುಸ್ತಕ ಬರೆಸಿಕೊಟ್ಟಳು! ಮೇಷ್ಟ್ರ ಕಣ್ಣಿಗೆ ಇದೇನು ಕಡಿಮೆಯ ಕಥೆಯೆ? ತನ್ನ ಪರಿವಾರದಲ್ಲಿ ಲಿಪಿಕಾರರನ್ನು ಇಟ್ಟುಕೊಂಡು ಗ್ರಂಥಗಳನ್ನು ಪ್ರತಿ ಮಾಡಿಸುತ್ತಿದ್ದ ರಾಣಿ ಆಕೆ. ಎಡ್ವರ್ಡ್ ವೇಲ್ಸ್ ನಾಡನ್ನು ಗೆದ್ದಾಗ ಅಲ್ಲಿಗೂ ಹೋದಳು. 1284ರ ಏಪ್ರಿಲಿನಲ್ಲಿ, ಕಾರ್ನಾರ್ವನ್ ಕೋಟೆಯ ಗೋಡೆಗಳು ಇನ್ನೂ ಏಳುತ್ತಿದ್ದಾಗ, ಮುಂದೆ ದೊರೆಯಾದ ಮಗನನ್ನು ಅಲ್ಲಿಯೇ ಹೆತ್ತಳು.

ಹೆತ್ತದ್ದು ಕಡಿಮೆಯೆಂದರೂ 14 ಮಕ್ಕಳು. ಆಕೆ ಸಾಯುವಾಗ ಬದುಕಿದ್ದವರು ಐದು ಹೆಣ್ಣು, ಒಂದು ಗಂಡು. ಜಾನ್ ಐದರ ವಯಸ್ಸಿನಲ್ಲಿ ಹೋದ, ಹೆನ್ರಿ ಆರರಲ್ಲಿ, ಅಲ್ಫಾನ್ಸೊ ಹತ್ತರಲ್ಲಿ. 1274ರಲ್ಲಿ ಹೆನ್ರಿ ಗಿಲ್ಡ್‌ಫರ್ಡಿನಲ್ಲಿ ಸಾಯುತ್ತಿದ್ದಾಗ ತಂದೆತಾಯಿ ಲಂಡನ್ನಿನಲ್ಲಿ, ಹೆಚ್ಚು ದೂರವಲ್ಲದ ಕಡೆಯಲ್ಲಿ ಇದ್ದರು; ನೋಡಲು ಹೋಗಲಿಲ್ಲ. ಅವನ ಬಳಿಯಲ್ಲಿದ್ದವಳು ಅಜ್ಜಿ. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೋ ನಮಗೆ ತಿಳಿಯಲಿಲ್ಲ. ನಮ್ಮ ಕಥೆಯ ರಾಣಿಯಾಗಿದ್ದರೆ ಬರಿಗಾಲಲ್ಲಿ ಓಡಿ ಹೋಗುತ್ತಿದ್ದಳು.

ಇನ್ನು ಭೂಮಿಯ ವಿಚಾರ. ಅತ್ತೆ ಬದುಕಿದ್ದರಿಂದ ರಾಣಿಯ ಪಾಲಿನ ಉಂಬಳಿಯೆಲ್ಲ ಅತ್ತೆಯ ಕೈಯಲ್ಲಿತ್ತು. ಬೊಕ್ಕಸಕ್ಕೆ ಭಾರವಾಗದಂತೆ ಸೊಸೆಗೂ ಆಸ್ತಿಯಾಗಬೇಕು. ಇದಕ್ಕೆ ಗಂಡನ ಸಮ್ಮತಿಯೂ ಇತ್ತು. ಹಿಡಿದ ದಾರಿ ಮಾತ್ರ ಚೆನ್ನಾಗಿರಲಿಲ್ಲ. ಯೆಹೂದ್ಯ ಲೇವಾದೇವಿಗಾರರಿಗೆ ಜಮೀನುದಾರರು ಬರೆದುಕೊಟ್ಟ ಸಾಲಪತ್ರಗಳು ರಾಣಿಯ ಕೈಗೆ ಬರುತ್ತಿದ್ದವು. ಸಾಲ ತೀರಿಸಲಾರದವನ ಜಮೀನು ಆಕೆಯದಾಗುತ್ತಿತ್ತು. ಆಕೆ ಗಳಿಸಿದ ಭೂಮಿಯ ಹುಟ್ಟುವಳಿ ಕೊನೆಗೆ ವರ್ಷಕ್ಕೆ 2500 ಪೌಂಡಿಗೂ ಮೇಲಾಯಿತು. ಇದು ಪಾಪವೆಂದು, ಜನ ಆಡಿಕೊಳ್ಳುತ್ತಿದ್ದಾರೆಂದು, ಆರ್ಚ್‌ಬಿಷಪ್ ಪೆಕಮ್ 1286ರಲ್ಲಿ ಕಾಗದ ಬರೆದು ಎಚ್ಚರಿಸಿದ. ಸಾಲ ಕೊಟ್ಟ ಯೆಹೂದ್ಯರ ಗತಿಯೇನಾಯಿತು? 1290ರ ನವೆಂಬರ್ 1ರ ಒಳಗೆ ಅವರೆಲ್ಲರೂ ಇಂಗ್ಲೆಂಡನ್ನು ಬಿಟ್ಟು ತೊಲಗಬೇಕೆಂದು ಎಡ್ವರ್ಡ್ ಆಜ್ಞೆ ಹೊರಡಿಸಿದ. ಮನೆಮಠ ಬಿಟ್ಟು ಅವರು ಕಡಲು ದಾಟಿದರು.

ಆ ಗಡುವು ಮುಗಿದು ನಾಲ್ಕು ವಾರಗಳಿಗೆ, ನವೆಂಬರ್ 28ರ ಸಂಜೆ, ಲಿಂಕನ್ ನಗರದ ಹತ್ತಿರದ ಹಾರ್ಬಿ ಎಂಬ ಹಳ್ಳಿಯ ಒಬ್ಬ ಗೃಹಸ್ಥನ ಮನೆಯಲ್ಲಿ ಎಲಿನರ್ ತೀರಿಕೊಂಡಳು. ಗಂಡ ಹಾಸಿಗೆಯ ಬಳಿ ಇದ್ದ. ತನ್ನ ಅಧಿಕಾರಿಗಳು ಯಾರ ಆಸ್ತಿಯನ್ನಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಸರಿಪಡಿಸಬೇಕೆಂದು ಆಕೆ ಅವನಲ್ಲಿ ಬೇಡಿಕೊಂಡಳೆಂದು ಹೇಳುತ್ತಾರೆ. ಮರುವರ್ಷ ಅಂಥ ದೂರುಗಳ ವಿಚಾರಣೆ ನಡೆದದ್ದಂತೂ ದಾಖಲೆಯಲ್ಲಿದೆ. ರೈತರು ಬಂದು ರಾಣಿಯ ಮೇಲೆ, ಎಂದರೆ ರಾಣಿಯ ಪಾರುಪತ್ಯಗಾರರ ಮೇಲೆ, ಹೇಳಿಕೊಂಡರು.

ದೊರೆ ಹೆಣದ ಜೊತೆಯಲ್ಲಿಯೇ ಲಂಡನ್ನಿನವರೆಗೆ ಬಂದ. ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಡಿಸೆಂಬರ್ 17ರಂದು ಸಂಸ್ಕಾರವಾಯಿತು. ಹೃದಯವನ್ನು ಮಾತ್ರ ಲಂಡನ್ನಿನ ಇನ್ನೊಂದು ಮಠದಲ್ಲಿ, ಮಗ ಅಲ್ಫಾನ್ಸೊನ ಹೃದಯದ ಜೊತೆಯಲ್ಲಿ ಇರಿಸಿದರು. ದಾರಿಯಲ್ಲಿ ರಾತ್ರಿ ತಂಗಿದ ಎಡೆಗಳಲ್ಲಿ ಒಂದೊಂದು ಕಲ್ಲಿನ ಶಿಲುಬೆಸ್ತಂಭವನ್ನು ಎತ್ತಿಸಿದ, ಒಟ್ಟು ಹನ್ನೆರಡು. ಮೊದಲನೆಯದು ಲಿಂಕನ್, ಕೊನೆಯದು ಚೇರಿಂಗ್. ಇಂದಿಗೂ ನಿಂತಿರುವುದು ಮೂರು: ಗೆಡಿಂಗ್ಟನ್, ಹಾರ್ಡಿಂಗ್‌ಸ್ಟನ್, ವಾಲ್ತಮ್. ಚಿತ್ರದಲ್ಲಿ ಗೆಡಿಂಗ್ಟನ್ನಿನ ಕಂಬವನ್ನು ನೋಡಿದೆವು. ಹಳ್ಳಿಯ ಮೂರು ದಾರಿ ಕೂಡುವಲ್ಲಿ, ತೇರಿನ ಕಲಶದಂತೆ ತೆಳ್ಳಗೆ ಮೇಲಕ್ಕೆ ಹೋಗಿದೆ; ಗೂಡುಗಳಲ್ಲಿ ರಾಣಿ ನಿಂತಿದ್ದಾಳೆ. ಚೇರಿಂಗಿನದನ್ನು 1647ರಲ್ಲಿ ಒಡೆದರು. ಅಲ್ಲಿನ ರೈಲು ನಿಲ್ದಾಣದ ಮುಂದೆ ಈಗಿರುವುದು 1865ರಲ್ಲಿ ಕಟ್ಟಿದ ಹೊಸತು. ಚೇರಿಂಗ್ ಎಂಬುದು ಫ್ರೆಂಚಿನ 'ಪ್ರಿಯ ರಾಣಿ' ಎಂಬ ಮಾತಿನಿಂದ ಬಂತೆಂದು ಒಂದು ಕಥೆಯಿದೆ. ಅದೂ ಹುಸಿ. ಥೇಮ್ಸ್ ನದಿ ಅಲ್ಲಿ ತಿರುವುತ್ತದೆ. ತಿರುವಿಗೆ ಹಳೆಯ ಇಂಗ್ಲಿಷಿನಲ್ಲಿದ್ದ ಮಾತು ಅದು. ಊರ ಹೆಸರಿಗೆ ರಾಣಿಯರನ್ನೂ ಋಷಿಗಳನ್ನೂ ಅಂಟಿಸುವ ಚಪಲ ನಮ್ಮ ಕಡೆಯವರಿಗೆ ಮಾತ್ರ ಎಂದುಕೊಂಡಿದ್ದೆವು.

ಎಡ್ವರ್ಡ್ 1299ರಲ್ಲಿ ಮತ್ತೆ ಮದುವೆಯಾದನೆಂಬುದನ್ನೂ ಹೇಳಬೇಕು; ಅವನಿಗೆ 60, ಫ್ರಾನ್ಸಿನ ಮಾರ್ಗರೆಟ್ಟಿಗೆ 20ರ ಆಸುಪಾಸು. ಆ ಮದುವೆಯಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಎಲಿನರ್ ಎಂದೇ ಹೆಸರಿಟ್ಟರು.

ಇಷ್ಟನ್ನೂ ಒಂದು ಶುಕ್ರವಾರ ಐದನೆಯ ತರಗತಿಯ ಮುಂದೆ ಇಟ್ಟೆವು. ಮೊದಲು, ಹಾವು ಕಚ್ಚಿದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಕಪ್ಪುಹಲಗೆಯ ಮೇಲೆ ಬರೆದೆವು. ಆಮೇಲೆ, ನಾವು ಹೇಳಿದ ಕಥೆ ನಿಜವಲ್ಲವೆಂದೂ, ಪ್ರಶ್ನೆ ಕೇಳಿದವಳನ್ನು ಗದರಿಸಿದ್ದು ನಮ್ಮ ತಪ್ಪೆಂದೂ ಹೇಳಿದೆವು. ಹೇಳುವಾಗ ನಾಲಿಗೆ ಸ್ವಲ್ಪ ತೊದಲಿತು. ಮಕ್ಕಳು ಗಲಾಟೆ ಮಾಡಲಿಲ್ಲ. ಆ ಮೌನವೇ ನಮಗೆ ಕಷ್ಟವಾಯಿತು. ಎರಡನೆಯ ಬೆಂಚಿನವಳು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, ಕೊನೆಗೆ ಎದ್ದಳು.

"ಹಾಗಾದ್ರೆ ಅವರಿಬ್ಬರಿಗೆ ಪ್ರೀತಿ ಇದ್ದದ್ದೂ ಸುಳ್ಳಾ ಮಾಷ್ಟ್ರೇ?"

ಈ ಸಲ ಉತ್ತರವಿತ್ತು. ಆ ಅರಮನೆಯಲ್ಲಿ ಒಂದು ವಿನೋದವಿತ್ತು. ಈಸ್ಟರ್ ಹಬ್ಬದ ಮರುದಿನ, ಸೋಮವಾರ ಬೆಳಿಗ್ಗೆ, ರಾಣಿಯ ಸಖಿಯರು ದೊರೆಯನ್ನು ಹಾಸಿಗೆಯಲ್ಲಿಯೇ ಸೆರೆಹಿಡಿಯುವರು. ಬಿಡುಗಡೆಯ ಹಣ ಕೊಟ್ಟ ಮೇಲೆಯೇ, ನಲವತ್ತು ದಿನಗಳ ವ್ರತ ಮುಗಿಸಿದ ಅವನನ್ನು ರಾಣಿಯ ಕೋಣೆಗೆ ಹೋಗಬಿಡುವರು. 1291ರಲ್ಲಿ ಈಸ್ಟರ್ ಬಂತು. ರಾಣಿ ಇರಲಿಲ್ಲ, ಕೋಣೆ ಬರಿದಾಗಿತ್ತು, ಸೆರೆಹಿಡಿಯುವ ಆಟವೂ ಇರಲಿಲ್ಲ. ಆ ಸೋಮವಾರ ಎಡ್ವರ್ಡ್, ಆಕೆ ಬದುಕಿದ್ದರೆ ಕೊಡುತ್ತಿದ್ದ ಹಣವನ್ನು ಆಕೆಯ ಸಖಿಯರಿಗೆ ಕೊಟ್ಟ.

ಅವಳು ಏನೋ ಯೋಚಿಸಿ, "ಎಷ್ಟು ಕೊಟ್ಟ?" ಎಂದಳು. ಗೊತ್ತಿಲ್ಲವೆಂದೆವು. ಗಂಟೆ ಹೊಡೆಯಿತು.