ನಡುನೋವು

ನಮ್ಮ ಆದವಾನಿ ಸೀಮೆಯ ಕನ್ನಡಿಗರು ‘ನಡುನೋವು’ ಎಂದರೆ ತೆಲುಗರು ‘ನಡುಮು ನೊಪ್ಪಿ’ ಎನ್ನುತ್ತಾರೆ. 1953ರಲ್ಲಿ ಈ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರ ರಾಜ್ಯಕ್ಕೆ ಸೇರಿದ ಮೇಲೂ ಈ ಎರಡು ಮಾತುಗಳ ನಂಟು ಕಡಿಯಲಿಲ್ಲ. ಹೊಲದಲ್ಲಿ ಬಾಗಿ ಹತ್ತಿ ಬಿಡಿಸುವ ಹೆಂಗಸರು, ಮಾರುಕಟ್ಟೆಯಲ್ಲಿ ಅಂಡಿಗೆ ಹೊರುವ ಹಮಾಲರು, ಎಮ್ಮಿಗನೂರಿನ ಕುಣಿಮಗ್ಗಗಳ ನೇಕಾರರು, ಎಲ್ಲರಿಗೂ ಈ ನೋವಿನ ಪರಿಚಯವುಂಟು.

ನನ್ನ ತಂದೆಯವರು ಹತ್ತಿ ಮಾರುಕಟ್ಟೆಯಲ್ಲಿ ಹಮಾಲರು. ಒಂದು ಸುಗ್ಗಿಯಲ್ಲಿ ಅವರ ಸೊಂಟದಲ್ಲಿ ಹುಟ್ಟಿದ ನೋವು ತೊಡೆಯ ಹಿಂಬದಿಯಿಂದ ಪಾದದವರೆಗೆ ಇಳಿಯಿತು. ಪರೀಕ್ಷೆಯಾದ ಮೇಲೆ ಯಾರೋ ‘ಡಿಸ್ಕ್ ಜಾರಿದೆ’ ಎಂದರು. ಆ ಮಾತನ್ನು ಕೇಳಿದಂದಿನಿಂದ ತಂದೆಯವರು ಹಾಸಿಗೆ ಬಿಟ್ಟು ಏಳಲು ಅಂಜಿದರು. ಎದ್ದರೆ ಜಾರಿದ್ದು ಮತ್ತಷ್ಟು ಜಾರೀತೆಂಬ ಭಯ ಅವರದು. ದುಡಿದ ದಿನಕ್ಕಷ್ಟೇ ಕೂಲಿ ದೊರೆಯುವ ಮನೆಯಲ್ಲಿ ಆ ಭಯವೂ ಒಂದು ಹೊರೆಯಾಯಿತು.

ಮೂರು ವಾರದ ಬಳಿಕ ಕಂಡ ವೈದ್ಯರೊಬ್ಬರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಬೆನ್ನೆಲುಬಿನ ಮಣಿಗಳ ನಡುವೆ 23 ಡಿಸ್ಕುಗಳಿವೆ. ಪ್ರತಿಯೊಂದಕ್ಕೂ ಹೊರಗೆ ಗಟ್ಟಿ ನಾರಿನ ಸುತ್ತುಬಳೆ, ಒಳಗೆ ಲೋಳೆಯಂಥ ತಿರುಳು. ಡಿಸ್ಕು ಮೇಲಿನ ಹಾಗೂ ಕೆಳಗಿನ ಮಣಿಗಳಿಗೆ ಬಿಗಿಯಾಗಿ ಅಂಟಿರುವುದರಿಂದ ಅದು ಜಾರಲಾರದು. ಸವೆದ ನಾರು ಉಬ್ಬಿದಾಗ ಅಥವಾ ಸೀಳಿ ತಿರುಳು ಹೊರಚಾಚಿದಾಗ ಪಕ್ಕದ ನರ ಕೆರಳುತ್ತದೆ. ಆಗ ನೋವು ಕಾಲಿಗಿಳಿಯುತ್ತದೆ. ಹೆಚ್ಚಿನವರಲ್ಲಿ ಇದು ಕೆಲವು ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ತಗ್ಗುತ್ತದೆ. ಹೊರಬಂದ ತಿರುಳನ್ನು ಎಷ್ಟೋ ಸಲ ದೇಹವೇ ಕರಗಿಸಿಕೊಳ್ಳುತ್ತದೆ. ನೋವೇ ಇಲ್ಲದವರ ಸ್ಕ್ಯಾನಿನಲ್ಲಿಯೂ ಉಬ್ಬಿದ ಡಿಸ್ಕು ಕಾಣುವುದುಂಟು. ಬಹುದಿನ ಮಲಗಿದರೆ ಸ್ನಾಯು ಸೊರಗುತ್ತದೆ. ಸಹಿಸುವಷ್ಟು ನಡೆದಾಡುವುದೇ ಮೇಲು. ಆದರೆ ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ ಅಥವಾ ಕಾಲಿನ ಬಲ ಕುಂದುತ್ತ ಹೋದರೆ ಕೂಡಲೇ ಆಸ್ಪತ್ರೆ ಸೇರಬೇಕು.

ಆ ಸಂಜೆಯೇ ತಂದೆಯವರು ಓಣಿಯ ಕೊನೆಯವರೆಗೆ ನಡೆದರು. ಮೂರನೆಯ ತಿಂಗಳಿಗೆ ಮಾರುಕಟ್ಟೆಗೆ ಮರಳಿದರು. ಈಗ ಒಬ್ಬರೇ ಅಂಡಿಗೆ ಎತ್ತುವುದಿಲ್ಲ, ಜೊತೆಗಾರರಿಗಾಗಿ ಕಾಯುತ್ತಾರೆ. ಅದರಿಂದ ಕೂಲಿ ತುಸು ಇಳಿದಿದೆ.

ಐಚ್ಛಿಕ ಕನ್ನಡವನ್ನು ಓದುವ ನಾವು ರೂಪಕವನ್ನು ಕಾವ್ಯದ ಅಲಂಕಾರವೆಂದು ಕಲಿಯುತ್ತೇವೆ. ‘ಜಾರಿದೆ’ ಎಂಬ ಒಂದು ರೂಪಕ ತಂದೆಯವರನ್ನು ಮೂರು ವಾರ ಹಾಸಿಗೆಗೆ ಕಟ್ಟಿಹಾಕಿತು. ನಮ್ಮ ಊರುಗಳ ಹಿರಿಯರಿಗೆ ವೈದ್ಯರ ಚೀಟಿಯನ್ನು ಓದಿ ಹೇಳುವವರು ಬಹುಮಟ್ಟಿಗೆ ನಾವೇ. ಅರ್ಥ ತಿಳಿಯದ ಪದ ಎದುರಾದಾಗ ಊಹಿಸಿ ಹೇಳದೆ, ವೈದ್ಯರನ್ನೇ ಮತ್ತೊಮ್ಮೆ ಕೇಳಿ, ಮನೆಯವರಿಗೆ ತಿಳಿಗನ್ನಡದಲ್ಲಿ ಬಿಡಿಸಿ ಹೇಳಬೇಕು.