ಎರಡನೆಯ ಸಲ

ಮೊದಲನೆಯ ಸಲ ನಾನು ಪಾಯಸ ಮಾಡಿಬಿಟ್ಟಿದ್ದೆ. ಈ ಸಲ ಕಡಲೆಬೇಳೆ ಡಬ್ಬಿಯ ಮುಚ್ಚಳ ಕೂಡ ತೆಗೆದಿಲ್ಲ. ಆದರೂ ಮೊನ್ನೆ ಮೈಸೂರಿನಿಂದ ಬರುವಾಗ, ಬಸ್ಸು ಬಿಳಿಕೆರೆ ದಾಟುವಷ್ಟರಲ್ಲಿ ಬ್ಯಾಗಿನಲ್ಲಿದ್ದ ಆ ಕಾಗದವನ್ನು ನಾಲ್ಕು ಸಲ ತೆಗೆದು ಓದಿದ್ದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಕೋರ್ಟು ಕಾಗದವೆಂದು ತಿಳಿದಳೋ ಏನೋ, ಪಾಪ ಎನ್ನುವಂತೆ ನನ್ನ ಮುಖ ನೋಡಿದಳು.

ಕತೆ ಶುರುವಾಗುವುದು 1993ರಲ್ಲಿ, ನನ್ನ ಎರಡನೆಯ ಹೆರಿಗೆಯಲ್ಲಿ. ಮಗು ಬಂದ ಮೇಲೆ ರಕ್ತ ನಿಲ್ಲಲೇ ಇಲ್ಲ. ಎರಡು ಬಾಟಲಿ ರಕ್ತ ಹಾಕಿ ನನ್ನನ್ನು ಉಳಿಸಿದರು. ಆ ರಕ್ತ ಕೊಟ್ಟ ಪುಣ್ಯಾತ್ಮನಿಗೆ ತನ್ನೊಳಗೆ ಏನಿದೆಯೆಂದು ಗೊತ್ತಿದ್ದಿರಲಾರದು. ಹೆಪಟೈಟಿಸ್ ಸಿ ಎಂಬ ವೈರಸ್ಸು ವಿಜ್ಞಾನಿಗಳ ಕೈಗೆ ಸಿಕ್ಕಿದ್ದೇ 1989ರಲ್ಲಿ. ದಾನದ ರಕ್ತದಲ್ಲಿ ಅದನ್ನು ಹುಡುಕಲೇಬೇಕೆಂಬ ನಿಯಮ ನಮ್ಮ ದೇಶಕ್ಕೆ ಬಂದದ್ದು 2000ನೇ ಇಸವಿ ದಾಟಿದ ಮೇಲೆ. ಹಾಗಾಗಿ ನಾನು ಯಾರನ್ನೂ ಬೈಯುವ ಹಾಗಿಲ್ಲ. ಬೈದರೆ ನಾಲಿಗೆಗೆ ಕೊಂಚ ಸಮಾಧಾನವಾಗುತ್ತಿತ್ತು ಎಂಬುದು ಬೇರೆ ಮಾತು.

ಹದಿನೇಳು ವರ್ಷ ಅದು ಸದ್ದಿಲ್ಲದೆ ನನ್ನ ಲಿವರಿನಲ್ಲಿ ಒಕ್ಕಲಿತ್ತು. ಕಾಮಾಲೆ ಇಲ್ಲ, ನೋವಿಲ್ಲ. ಸ್ವಲ್ಪ ಸುಸ್ತು, ಅಷ್ಟೆ. ಸುಸ್ತಿಲ್ಲದ ಹೆಂಗಸು ನಮ್ಮ ಮಿರ್ಲೆಯಲ್ಲಿ ಯಾರಿದ್ದಾರೆ? 2010ರಲ್ಲಿ ಗರ್ಭಕೋಶದ ಆಪರೇಷನ್ನಿಗೆಂದು ರಕ್ತ ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು. ಅತ್ತೆಯವರು ದಿನಾ ಬೆಳಿಗ್ಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿ ಕೊಡತೊಡಗಿದರು. ಓರಗಿತ್ತಿ ನನಗೆ ಬೇರೆ ಲೋಟ ಇಟ್ಟಳು. ಇದು ರಕ್ತದಿಂದ ರಕ್ತಕ್ಕೆ ಹೋಗುವ ಕಾಯಿಲೆ, ಸೂಜಿ, ಬ್ಲೇಡು, ಉಗುರು ಕತ್ತರಿ ಹಂಚಿಕೊಳ್ಳಬಾರದು, ಲೋಟ ತಟ್ಟೆಯಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ಹೇಳಿದೆ. ಅವಳು ‘ಹೂಂ’ ಎಂದಳು, ಲೋಟ ಮಾತ್ರ ಬೇರೆಯೇ ಉಳಿಯಿತು. ಮಕ್ಕಳಿಬ್ಬರ ರಕ್ತದಲ್ಲಿ ಏನೂ ಇಲ್ಲವೆಂದು ಗೊತ್ತಾದ ದಿನ ಆ ಲೋಟವೂ ನನಗೆ ಭಾರವೆನಿಸಲಿಲ್ಲ.

ಆಗಿದ್ದ ಚಿಕಿತ್ಸೆಯೆಂದರೆ ಇಂಟರ್‌ಫೆರಾನ್. ವಾರಕ್ಕೊಂದು ಇಂಜೆಕ್ಷನ್, ಜೊತೆಗೆ ದಿನವೂ ರಿಬಾವಿರಿನ್ ಮಾತ್ರೆ, ನನ್ನ ವೈರಸ್ಸಿನ ತಳಿಗೆ 48 ವಾರ. ಕಾಲುವೆ ಕೆಳಗಿನ ಹತ್ತು ಗುಂಟೆ ಗದ್ದೆ ಹೋಯಿತು, ನನ್ನ ಎರಡೆಳೆ ಸರ ಹೋಯಿತು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಕೆ.ಆರ್. ನಗರದ ಔಷಧಿ ಅಂಗಡಿಯ ಫ್ರಿಜ್ಜಿನಲ್ಲಿಟ್ಟು, ಪ್ರತಿ ಶನಿವಾರ ಒಂದೊಂದನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿ ನಮ್ಮ ಯಜಮಾನರು ತರುತ್ತಿದ್ದರು. ಶನಿವಾರ ಸಂಜೆ ಚುಚ್ಚಿಸಿಕೊಂಡರೆ ರಾತ್ರಿಗೆ ಚಳಿಜ್ವರ, ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಭಾನುವಾರವೆಂಬುದು ನನ್ನ ಬದುಕಿನಿಂದಲೇ ಅಳಿಸಿಹೋಯಿತು. ಬಾಚಣಿಗೆ ತುಂಬ ಕೂದಲು. ರಕ್ತ ಕಡಿಮೆಯಾಗಿ ಮೆಟ್ಟಿಲು ಹತ್ತಿದರೆ ಏದುಸಿರು. ಎಲ್ಲಕ್ಕಿಂತ ಕೆಟ್ಟದ್ದು ಮನಸ್ಸು. ಹಾಲು ಉಕ್ಕಿದರೆ ಅಳು, ಉಕ್ಕದಿದ್ದರೆ ಸಿಟ್ಟು. ಅದೂ ಔಷಧಿಯ ಗುಣವೆಂದು ಯಾರೂ ಮೊದಲೇ ಹೇಳಿರಲಿಲ್ಲ. ನನಗೆ ಹುಚ್ಚು ಹಿಡಿಯುತ್ತಿದೆ ಎಂದೇ ತಿಳಿದಿದ್ದೆ.

ಹನ್ನೆರಡನೆಯ ವಾರದ ಪರೀಕ್ಷೆಯಲ್ಲಿ ವೈರಸ್ಸು ಕಾಣಲಿಲ್ಲ. ಅವತ್ತೇ ಪಾಯಸ. ಬೀದಿಯ ಹನ್ನೊಂದು ಮನೆಗೂ ಬಟ್ಟಲು ಹೋಯಿತು. ಓರಗಿತ್ತಿ ಎರಡು ಸಲ ಹಾಕಿಸಿಕೊಂಡಳು. 48 ವಾರ ಮುಗಿಸಿದೆ. ಮುಗಿದ ಆರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿದರೆ, ಒಡೆಯನಿಲ್ಲದ ಮನೆಗೆ ಬಂದ ಹಾಗೆ ಅದು ಹಿಂದಿರುಗಿತ್ತು.

ನಾನು ಯಾರಿಗೂ ಹೇಳಲಿಲ್ಲ. ಯಜಮಾನರಿಗೆ, ಮಗಳಿಗೆ ಮಾತ್ರ ಗೊತ್ತು. ‘ವಾಸಿಯಾಯ್ತಂತಲ್ಲಾ’ ಎಂದು ಯಾರಾದರೂ ಕೇಳಿದರೆ ‘ಹೂಂ’ ಎನ್ನುತ್ತಿದ್ದೆ. ಪಾಯಸ ಉಂಡವರಿಗೆ ಇನ್ನೇನು ಹೇಳಲಿ? ಆ ‘ಹೂಂ’ ಒಂದು ಡಜನ್ ವರ್ಷ ಎಳೆಯಿತು. ಹೇಳದಿರುವುದಕ್ಕೆ ಒಂದು ಶಿಕ್ಷೆಯಿದೆ. ಹೇಳದವರಿಗೆ ಯಾರೂ ಏನೂ ಹೇಳುವುದಿಲ್ಲ. 2015ರಲ್ಲೇ ನಮ್ಮ ದೇಶದಲ್ಲಿ ಇದಕ್ಕೆ ಬಾಯಲ್ಲಿ ನುಂಗುವ ಹೊಸ ಮಾತ್ರೆ ಬಂತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದನ್ನು ಪುಕ್ಕಟೆ ಕೊಡತೊಡಗಿದರು. 2020ರಲ್ಲಿ ಈ ವೈರಸ್ಸನ್ನು ಕಂಡುಹಿಡಿದ ಆಲ್ಟರ್, ಹೌಟನ್, ರೈಸ್ ಎಂಬ ಮೂವರಿಗೆ ನೊಬೆಲ್ ಬಹುಮಾನವೂ ಬಂತು. ನಾನು ಮಾತ್ರ ಇನ್ನೊಮ್ಮೆ ಆ ಇಂಜೆಕ್ಷನ್ ಬೇಡಪ್ಪ ಎಂದು ಆಸ್ಪತ್ರೆಯ ದಿಕ್ಕಿಗೇ ತಲೆ ಹಾಕಿರಲಿಲ್ಲ.

ಈಚೆಗೆ ಪಿತ್ತಕೋಶದ ಕಲ್ಲಿಗೆಂದು ಸ್ಕ್ಯಾನ್ ಮಾಡಿಸಿದಾಗ ಲಿವರ್ ಗಟ್ಟಿಯಾಗುತ್ತಿದೆ ಎಂದರು. ಮೈಸೂರಿನ ಡಾಕ್ಟರು ಹಳೆಯ ಕಾಗದಗಳನ್ನೆಲ್ಲ ನೋಡಿ, ‘ಇಷ್ಟು ವರ್ಷ ಏನಮ್ಮ ಮಾಡ್ತಿದ್ರಿ?’ ಎಂದರು. ‘ಇಂಜೆಕ್ಷನ್ನಿಗೆ ಹೆದರಿಕೊಂಡಿದ್ದೆ’ ಎಂದೆ. ‘ಅದೆಲ್ಲ ಹೋಗಿ ಎಷ್ಟೋ ಕಾಲ ಆಯ್ತು’ ಎಂದು ನಕ್ಕರು. ಹೊಸ ಮಾತ್ರೆಯಲ್ಲಿ ನೂರಕ್ಕೆ ತೊಂಬತ್ತೈದು ಜನಕ್ಕೂ ಮೇಲೆ ವಾಸಿಯಾಗುತ್ತದಂತೆ. ನನಗೆ ನಗು ಬರಲಿಲ್ಲ. ಸಂತೋಷಕ್ಕಿಂತ ಮೊದಲು ಬಂದದ್ದು ನನ್ನ ಮೇಲೆ ನನಗೇ ಸಿಟ್ಟು.

ಡಬ್ಬಿಗೆ 28 ಮಾತ್ರೆ. ಮೂರು ಡಬ್ಬಿ, 84 ದಿನ. ಸೋಫೋಸ್ಬುವಿರ್, ವೆಲ್ಪಟಾಸ್ವಿರ್ ಎರಡೂ ಒಂದೇ ಮಾತ್ರೆಯಲ್ಲಿ. ಮಾತ್ರೆಗೂ ದುಡ್ಡಿಲ್ಲ, 2023ರಿಂದ ನಮಗೆ ಬಸ್ಸಿಗೂ ದುಡ್ಡಿಲ್ಲ. ಗದ್ದೆ ಮಾರಿದವಳಿಗೆ ಇದನ್ನು ನಂಬುವುದೇ ಕಷ್ಟ. ಡಾಕ್ಟರು ಒಂದೇ ಒಂದು ಕಟ್ಟುನಿಟ್ಟು ಮಾಡಿದರು: ಕೇಳದೆ ಗ್ಯಾಸಿನ ಮಾತ್ರೆ ನುಂಗಕೂಡದು. ಹೊಟ್ಟೆಯ ಹುಳಿ ಕಡಿಮೆಯಾದರೆ ಈ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಬೆಳಗಾಗೆದ್ದು ಕಾಫಿಗಿಂತ ಮೊದಲು ಗ್ಯಾಸಿನ ಮಾತ್ರೆ ನುಂಗುವ ನಮ್ಮ ಪೈಕಿ ಎಲ್ಲರೂ ಇದೊಂದನ್ನು ತಿಳಿದುಕೊಂಡಿರಬೇಕು. ಮೊದಲ ವಾರ ಕೊಂಚ ತಲೆನೋವಿತ್ತು. ಶನಿವಾರ ಬಂದರೆ ಮಾತ್ರ, ಯಾವ ಇಂಜೆಕ್ಷನ್ನೂ ಇಲ್ಲದೆ, ಸಂಜೆಗೆ ಮೈ ತಾನೇ ನಡುಗಲು ಸಿದ್ಧವಾಗುತ್ತಿತ್ತು. ಮೈಗೂ ಎಂಥ ನೆನಪು ನೋಡಿ!

ನಡುವೆ ಪರೀಕ್ಷೆ ಬೇಕಿಲ್ಲ, ಮುಗಿದ ಹನ್ನೆರಡು ವಾರಕ್ಕೆ ಮಾಡುವುದೇ ನಿಜವಾದ ಪರೀಕ್ಷೆ ಎಂದರು ಡಾಕ್ಟರು. ನಾನೇ ಹಟ ಹಿಡಿದೆ. ನಾಲ್ಕು ವಾರಕ್ಕೆ ನೋಡಿದರು. ಶುರುವಿನಲ್ಲಿ ಹದಿನೆಂಟು ಲಕ್ಷವಿದ್ದ ಎಣಿಕೆಯ ಜಾಗದಲ್ಲಿ ಈಗ ‘ಪತ್ತೆಯಾಗಿಲ್ಲ’ ಎಂದಿದೆ. ಲಿವರಿನ ಉರಿ ತೋರಿಸುವ ಎಸ್‌ಜಿಪಿಟಿ 96 ಇದ್ದದ್ದು 31ಕ್ಕೆ ಇಳಿದಿದೆ. ‘ಒಳ್ಳೇದು. ಆದರೆ ಒಂದು ಮಾತ್ರೆಯೂ ತಪ್ಪಬಾರದು’ ಎಂದರು. ನಾನು ಎದ್ದು ಬಂದೆ. ಕಣ್ಣೀರು ಬರಲಿಲ್ಲ, ಬಾಯಿ ಮಾತ್ರ ಒಣಗಿತ್ತು.

ಮಿರ್ಲೆಯಲ್ಲಿ ಇಳಿದಾಗ ಸಂಜೆಯಾಗಿತ್ತು. ಓರಗಿತ್ತಿ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

‘ಬೆಳಗಾಗೇ ಎದ್ದು ಎಲ್ಲಿಗೇ ಹೋಗಿದ್ದೆ?’

‘ಆಸ್ಪತ್ರೆಗೆ, ಅಕ್ಕ.’

‘ಯಾಕೆ? ಅದು ಆವತ್ತೇ ವಾಸಿಯಾಯ್ತಲ್ಲ?’

ಹೂಂ ಎನ್ನಲು ಬಾಯಿ ತೆರೆದೆ. ಆಮೇಲೆ ಅವಳ ಪಕ್ಕದಲ್ಲಿ ಕುಳಿತು, ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ಹೇಳಿದೆ: ‘ಇಲ್ಲ ಅಕ್ಕ, ಆವಾಗ ವಾಪಸ್ ಬಂದುಬಿಟ್ಟಿತ್ತು. ನಿಮಗೆ ಹೇಳಿರಲಿಲ್ಲ. ಈಗ ಮತ್ತೆ ಔಷಧಿ ತಗೋತಿದ್ದೀನಿ. ಇನ್ನೂ 56 ಮಾತ್ರೆ ಇದೆ.’

ಅವಳು ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಎರಡು ಲೋಟ ಕಾಫಿ ತಂದಳು. ಯಾವುದು ಯಾರದೆಂದು ಹೇಳಲಿಲ್ಲ. ಹತ್ತಿರವಿದ್ದದ್ದನ್ನು ನಾನು ತೆಗೆದುಕೊಂಡೆ.